ಉಪ್ಪು ಕಲಿಯದ ಜೊಂಡು

ಭಾವನ ಮುಖ ನೋಡಿದರೆ ನನಗೆ ಈಗಲೂ ಅಸಹ್ಯ. ಅಕ್ಕನ ಗಂಡ, ನರ್ಸರಿಯ ಯಜಮಾನ ಎಂದು ಹನ್ನೆರಡು ವರ್ಷ ತಲೆ ತಗ್ಗಿಸಿ ದುಡಿದೆನಲ್ಲ, ನನಗೆ ಬುದ್ಧಿ ಇರಲಿಲ್ಲ.

ಕಡಲಂಚಿನ ಜೌಗಿನಲ್ಲಿ ಬೆಳೆಯುವ ಜೊಂಡಿನ ಸಸಿ ಮಾಡುವುದು ನನ್ನ ಕೆಲಸ. ಹಳೇ ಜೌಗಿನಿಂದ ಬೀಜ ತಂದು ಸಿಹಿನೀರಿನಲ್ಲಿ ಮೊಳಕೆ ಬರಿಸಬೇಕು. ಆಮೇಲೆ ಆರು ವಾರ ದಿನಕ್ಕಿಷ್ಟಿಷ್ಟೇ ಉಪ್ಪುನೀರು ಕುಡಿಸಬೇಕು. ಉಪ್ಪು ಕಲಿಸುವುದು ಎನ್ನುತ್ತೇವೆ. ಕಲಿಯದ ಸಸಿ ಸಮುದ್ರದ ನೀರು ಸೋಕಿದರೆ ಸತ್ತೇ ಹೋಗುತ್ತದೆ.

ಈ ಸಲ ಕುಸಿಯುತ್ತಿದ್ದ ದಂಡೆಯ ಮೇಲೆ ನೆಡಲು ಸರ್ಕಾರದವರು ಐದು ಸಾವಿರ ಸಸಿ ಕೇಳಿದ್ದರು. ಉಪ್ಪು ಹಾಕಿದರೆ ಬಣ್ಣ ಮಾಸುತ್ತದೆ ಎಂದು ಭಾವ ಸಿಹಿನೀರಿನಲ್ಲೇ ಕೊಬ್ಬಿಸಿ ನೆಡಿಸಿದ. ಬೇಡ ಎಂದು ಬಡಕೊಂಡೆ, ಕಿವಿಗೇ ಹಾಕಿಕೊಳ್ಳಲಿಲ್ಲ. ಎಂಟನೇ ದಿನಕ್ಕೆ ದಂಡೆಯ ತುಂಬ ಒಣಹುಲ್ಲು.

ಸೋಮವಾರ ಅಧಿಕಾರಿ ನೋಡಲು ಬರುವವನಿದ್ದ. ಭಾನುವಾರ ನಾನು ಬೀಜಕ್ಕೆಂದು ಹಳೇ ಜೌಗಿಗೆ ಹೋದರೆ ಅಲ್ಲಿ ಜೊಂಡೇ ಇಲ್ಲ. ಎಲ್ಲವನ್ನೂ ಭಾವನ ಆಳುಗಳು ಬುಡಸಮೇತ ಅಗೆದು, ಸತ್ತ ಸಸಿಗಳ ಜಾಗದಲ್ಲಿ ನೆಡಲು ದಂಡೆಗೆ ಸಾಗಿಸಿದ್ದರು. ನಡುವೆ ಹಬ್ಬಿದ್ದ ಉಪ್ಪುಸೊಪ್ಪನ್ನು ತುಳಿದು ರಾಡಿ ಮಾಡಿದ್ದರು. ಅರ್ಧ ಜಜ್ಜಿಹೋದ ಏಡಿಗಳು ಕೆಸರಿನಲ್ಲಿ ಇನ್ನೂ ಕಾಲಾಡಿಸುತ್ತಿದ್ದವು. ಕದಡಿದ ಕೆಸರಿನಿಂದ ಕೊಳೆತ ಮೊಟ್ಟೆಯಂಥ ನಾತ ಬೇರೆ. ಥೂ, ಮನುಷ್ಯರೇ ಇವರು? ಗಿಡ ಎಲ್ಲಿದ್ದರೇನು, ಗಿಡವೇ ತಾನೆ ಎಂದನಂತೆ ಭಾವ.

ಆ ಜೊಂಡು ಹೋದರೆ ಬೀಜವೇ ಇಲ್ಲ. ಸಡಿಲ ಮಣ್ಣಿನ ದಂಡೆಯಲ್ಲಿ ಅದು ಹುಣ್ಣಿಮೆಯ ಉಬ್ಬರಕ್ಕೇ ಕೊಚ್ಚಿಹೋಗುತ್ತದೆ, ಅಷ್ಟರೊಳಗೆ ವಾಪಸು ನೆಡಿಸಿ ಎಂದು ಸೋಮವಾರ ಅಧಿಕಾರಿಯ ಎದುರೇ ಬಾಯಿಬಿಟ್ಟೆ. ಅಕ್ಕ ಹಿಂದಿನಿಂದ ಕೈ ಜಿಗುಟಿದಳು. ಜಿಗುಟಿದಷ್ಟೂ ಹೇಳಿದೆ.

ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ನಕ್ಕ. "ನನಗೂ ಗೊತ್ತಮ್ಮ. ಫೋಟೋದಲ್ಲಿ ಹಸಿರು ಕಂಡ್ರೆ ಸಾಕು."

ಹುಣ್ಣಿಮೆಯ ಉಬ್ಬರ ಎಲ್ಲವನ್ನೂ ಎಳೆದುಕೊಂಡು ಹೋಯಿತು. ಮರುದಿನ ಭಾವ ಸಸಿಮಡಿಯ ಹತ್ತಿರ ಬಂದು, ಏನೂ ಆಗಿಲ್ಲವೆಂಬಂತೆ ಬೆಣ್ಣೆ ಹಚ್ಚತೊಡಗಿದ. ನನ್ನಷ್ಟು ಜೌಗು ಬಲ್ಲವರು ಯಾರೂ ಇಲ್ಲವಂತೆ. ಮತ್ತೆ ಐದು ಸಾವಿರ ಕೇಳಿದ್ದಾರಂತೆ.

"ಆ ಹಳೇ ಜೌಗಿನಂಥ ಜಾಗ ಇನ್ನೊಂದು ಎಲ್ಲಾದ್ರೂ ಇದ್ಯಾ? ನಿಂಗೆ ಗೊತ್ತಿರತ್ತೆ."

ಗೊತ್ತಿತ್ತು. ದಕ್ಷಿಣದ ಬಂಡೆಗಳ ಹಿಂದೆ, ಒಂದು ಕೋಣೆಯಷ್ಟಗಲ ಜೊಂಡು.

"ಇಲ್ಲ ಭಾವ. ಅದೊಂದೇ ಇದ್ದಿದ್ದು."

ಆಮೇಲೆ ನಾನು ಬೀಜಕ್ಕೂ ಆ ಕಡೆ ಹೆಜ್ಜೆ ಇಟ್ಟಿಲ್ಲ. ಹಿಂದೆ ಹಿಂದೆಯೇ ಬರುವ ಆಸಾಮಿ ಅವನು.