ತಾಕತ್ತಿನ ಎಣ್ಣೆ

ಸರ್ಕಾರಕ್ಕೆ ಪ್ರಜೆಗಳ ಮೈಕಟ್ಟಿನ ಮೇಲೆ ಪ್ರೀತಿ ಉಕ್ಕಿದರೆ ಹುಷಾರಾಗಿರಬೇಕು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಹೈದರಾಬಾದ್ ಸರ್ಕಾರದ ಕಸರತ್ತಿನ ಮಹಕಮೆಗೆ, ಅಂದರೆ ಇಲಾಖೆಗೆ, ನಮ್ಮೂರು ಕಲ್ಯಾಣದ ಪೈಲ್ವಾನರು ದಿಢೀರನೆ ನೆನಪಾದರು. ನಮ್ಮ ತಾಲೀಮಿಗೆ, ಅಂದರೆ ಗರಡಿಮನೆಗೆ, ಬಂಡಿ ತುಂಬ ಡಬ್ಬಿಗಳು ಬಂದಿಳಿದವು. "ತಾಕತ್ತಿನ ಎಣ್ಣಿ" ಎಂದು ಹೇಳಿ ಜವಾನ ಹೋದ. ಎಂಥ ಎಣ್ಣೆ ಎಂದು ಅವನಿಗೂ ಗೊತ್ತಿರಲಿಲ್ಲ.

ನಮ್ಮ ಉಸ್ತಾದ್ ಗಯಾಸುದ್ದೀನರ ರೂಢಿ ಒಂದೇ. ತುಪ್ಪವಿರಲಿ, ಮಜ್ಜಿಗೆಯಿರಲಿ, ಮೊದಲ ಪಾಲು ಅಖಾಡದ ಕೆಮ್ಮಣ್ಣಿಗೆ. ಉಳಿದದ್ದು ನಮ್ಮ ಹೊಟ್ಟೆಗೆ. ಡಬ್ಬಿ ಒಡೆದಾಗಲೇ ನಾತ ಹೊಡೆಯಿತು. "ಔಷಧ ಅಂದ್ರ ನಾರೂದೇ" ಎನ್ನುತ್ತ ಅವರೇ ಸುರಿದು, ಸಲಿಕೆಯಿಂದ ಕಲಸಿದರು.

ಕಾಸಿಂ ಒಂದು ಹೆಂಟೆ ಎತ್ತಿ ಮೂಸಿದ. "ಬಕ್ಕಪ್ಪ, ಇದು ಮೀನಿನ ಎಣ್ಣಿ. ನೀ ಇಳೀಬ್ಯಾಡ."

ಕಾಸಿಂ ನನ್ನ ಜೋಡಿ. ಅವನಿಲ್ಲದೆ ನನಗೆ ಕುಸ್ತಿಯೇ ಇರಲಿಲ್ಲ.

ಸುದ್ದಿ ಪೇಟೆ ಮುಟ್ಟಿತು. "ನಮ್ಮ ಜಾತಿ ಕೆಡಸಾಕ ಬೇಕಂತನೇ ಕಲಸ್ಯಾರ" ಎಂದರು ನಮ್ಮ ಲಿಂಗಾಯತ ಹಿರಿಯ ನಾಗನಾಥಪ್ಪ. "ನಮ್ಮ ಉಸ್ತಾದರ ಮಣ್ಣಿಗೆ ಹೊಲಸು ಅಂತಾರ" ಎಂದು ಅತ್ತ ಕಾಸಿಂನ ಕಡೆಯವರು ಸಿಟ್ಟಾದರು. ಡಬ್ಬಿ ಕಳಿಸಿದವರನ್ನು ಒಬ್ಬರೂ ಬೈಯಲಿಲ್ಲ. ಈ ದೊಡ್ಡ ಮನುಷ್ಯರನ್ನು ನೆನೆದರೆ ನನಗೆ ಈಗಲೂ ಹೇಸಿಗೆ.

ಉಸ್ತಾದರು ಅಳುತ್ತಲೇ ಮಣ್ಣು ಅಗೆದರು. ಕಾಸಿಂ, ನಾನು ಬುಟ್ಟಿ ಹೊತ್ತು ಹೊರಗೆ ಚೆಲ್ಲಿದೆವು. ನಾರಾಯಣಪುರದಿಂದ ಹೊಸ ಮಣ್ಣು ತಂದಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಅಷ್ಟರಲ್ಲಿ ಮಹಕಮೆಯ ಅಧಿಕಾರಿ ಸೈಫುದ್ದೀನ್ ಸಾಹೇಬರು ಮೂಗಿಗೆ ಅತ್ತರಿನ ಕರವಸ್ತ್ರ ಒತ್ತಿಕೊಂಡು ಬಂದರು.

"ಮಣ್ಣು ಕೆಟ್ಟದ ಸಾಹೇಬ್ರ, ಹುಡುಗ್ರು ಕೆಟ್ಟಿಲ್ಲ" ಎಂದರು ಉಸ್ತಾದರು.

"ಝಗಡಾ ಬ್ಯಾಡ. ಹಿಂದೂಗಳಿಗೊಂದು, ಮುಸಲ್ಮಾನರಿಗೊಂದು ತಾಲೀಮು ಕಟ್ಟಿಸ್ತೀವಿ."

ಎಣ್ಣೆಯ ಬಗ್ಗೆ ಸಾಹೇಬರು ತುಟಿ ಬಿಚ್ಚಲಿಲ್ಲ. ಎರಡೂ ಕಡೆಯ ಹಿರಿಯರು ಪೈಪೋಟಿಯಿಂದ ಅವರಿಗೆ ಶಾಲು ಹೊದಿಸಿದರು. ಥೂ, ಮಾನಗೆಟ್ಟವರು.

"ಅರ್ಧ ತಾಲೀಮಿಗೆ ನಾ ಉಸ್ತಾದ್ ಆಗಂಗಿಲ್ಲ" ಎಂದು ಗಯಾಸುದ್ದೀನರು ಮನೆ ಹಿಡಿದರು. ಕಾಸಿಂ ಅಲ್ಲಿ, ನಾನು ಇಲ್ಲಿ. ಸಂತೆಯಲ್ಲಿ ಎದುರಾದರೂ ಮಾತಾಡದಂತೆ ಎರಡೂ ಕಡೆ ಕಾವಲು ಬಿತ್ತು.

ಮರುವರ್ಷ ಹುಮನಾಬಾದಿನಲ್ಲಿ ಮಹಕಮೆಯ ಕುಸ್ತಿ ಪಂದ್ಯ. ನನಗೂ ಕಾಸಿಂಗೂ ಜೋಡಿ ಹಾಕಿದರು. ಕೂಗುವವನು ನಮ್ಮ ಹೆಸರು ಹೇಳಲಿಲ್ಲ. "ಹಿಂದೂ ತಾಲೀಮು, ಮುಸ್ಲಿಂ ತಾಲೀಮು" ಎಂದ. ಜನ ಎರಡು ಪಾಲಾಗಿ ಕೂತಿದ್ದರು. "ಮುರಿ ಅವನ್ನ" ಎಂದು ಎರಡೂ ಕಡೆಯಿಂದ ಕೂಗು. ಸೈಫುದ್ದೀನ್ ಸಾಹೇಬರು ಕುರ್ಚಿಯಲ್ಲಿ ಕೂತು, ಜನರಿಗೆ ಆಟದ ಹುರುಪು ಬಂದಿದೆಯೆಂದು ಚಪ್ಪಾಳೆ ತಟ್ಟುತ್ತಿದ್ದರು.

ಕಾಸಿಂ ನನ್ನ ಮುಖ ನೋಡಲಿಲ್ಲ. ಕತ್ತಿಗೆ ತೋಳು ಸುತ್ತಿ ಬಿಗಿದ. ಜೋಡಿಯ ಉಸಿರು ಕಟ್ಟದಂತೆ ಆ ಪಟ್ಟನ್ನು ಎಲ್ಲಿ ಸಡಿಲಿಸಬೇಕೆಂದು ನನಗೆ ಕಲಿಸಿದವನೇ ಅವನು. ಆದರೂ ಆ ದಿನ, ಬಿಡುತ್ತಾನೋ ಇಲ್ಲವೋ ಎಂದು ನಾನು ಹೆದರಿದೆ.