ಹೊರಬಿದ್ದ ಮದ್ದು

ತಿಪ್ಪವ್ವನ ಸಿಟ್ಟು ಮುಳವಾಡದಿಂದ ಮಗಳನ್ನು ಕೊಟ್ಟ ಮನಗೂಳಿ ಮುಟ್ಟುವವರೆಗೂ ಇಳಿಯಲಿಲ್ಲ. ಇಳಿಯುವಂಥ ಸಿಟ್ಟೂ ಅಲ್ಲ ಅದು. ಮಗಳು ಸೀತವ್ವನ ಹೊಟ್ಟೆಯಿಂದ ಮದ್ದು ಹೊರಬಿತ್ತಂತೆ, ಗಂಡನ ಮನೆಯವರು ಊರಿಗೆಲ್ಲ ಸಕ್ಕರೆ ಹಂಚುತ್ತಿದ್ದಾರಂತೆ ಎಂದು ಸಂತೆಯಲ್ಲಿ ಕೇಳಿದ್ದಳು. ಮದ್ದು ಹಾಕಿದವಳು ಹಡೆದ ತಾಯಿಯೇ ಅಂತೆ! ಮಾರಲು ತಂದಿದ್ದ ಕುರಿಯನ್ನು ತಮ್ಮನಿಗೆ ಒಪ್ಪಿಸಿ, ನಬಿಲಾಲನ ಎತ್ತಿನ ಗಾಡಿ ಮಾಡಿಕೊಂಡು ಹೊರಟೇಬಿಟ್ಟಳು.

ವರ್ಷದಿಂದ ಸೀತವ್ವನಿಗೆ ಹೊಟ್ಟೆ ನುಲಿತ, ರಕ್ತಭೇದಿ, ಬಿಟ್ಟು ಬಿಟ್ಟು ಜ್ವರ. ತುಂಬಿದ ಮೈಯ ಹುಡುಗಿ ಒಣಗಿ ಕಡ್ಡಿಯಾಗಿದ್ದಳು. ತವರಿನಲ್ಲಿ ಉಂಡು ಬಂದಮೇಲೆ ಹಿಡಿದ ಬೇನೆ ಎಂದು ಅತ್ತೆ ರುಕ್ಮವ್ವ ತೀರ್ಮಾನಿಸಿಬಿಟ್ಟಿದ್ದಳು. ಮಗಳು ತವರು ಮರೆಯಬಾರದೆಂದು ತಾಯಿ ಅನ್ನದಲ್ಲಿ ಮದ್ದು ಕಲಸಿ ಹಾಕಿದ್ದಾಳೆ, ಅದು ಕರುಳಿಗೆ ಅಂಟಿಕೊಂಡು ತಿನ್ನುತ್ತಿದೆ. ಮದ್ದು ತೆಗೆಯುವ ಮಾಳಿಂಗಪ್ಪ ಸೊಪ್ಪಿನ ರಸ ಕುಡಿಸಿ ಕುಡಿಸಿ ವಾಂತಿ ಮಾಡಿಸಿದ. ಬಂದದ್ದು ಬರೀ ಪಿತ್ತ. ಕಡೆಗೆ ಹೋದ ವಾರ ತಿಪ್ಪವ್ವನೇ ಮಗಳನ್ನೂ ಅಳಿಯ ಸೋಮನಿಂಗನನ್ನೂ ವಿಜಾಪುರದ ದವಾಖಾನೆಗೆ ಎಳೆದೊಯ್ದಳು. ಅದು ಎಪ್ಪತ್ತಾರನೇ ಇಸವಿ.

ಹೊಟ್ಟೆ ಕೊಯ್ಯುತ್ತಾರೆಂದು ಸೀತವ್ವ ನಡುಗುತ್ತಿದ್ದಳು. "ಕೊಯ್ಯೂದೇನಿಲ್ಲವ್ವ. ಇದನ್ನ ಕುಡಿ, ಇದು ಇಳದ ದಾರಿ ಎಕ್ಸರೇದಾಗ ಬೆಳ್ಳಗ ಕಾಣತೈತಿ" ಎಂದರು ಡಾಕ್ಟರು. ಸುಣ್ಣದ ತಿಳಿಯಂಥ ದಪ್ಪನೆಯ ಬಿಳಿ ಔಷಧ. ಮುಖ ತಿರುವಿದ ಹೆಂಡತಿಯ ತಲೆ ಹಿಡಿದು ಗುಟುಕು ಗುಟುಕಾಗಿ ಕುಡಿಸಿದವನು ಸೋಮನಿಂಗನೇ. ಆಮೇಲೆ ಡಾಕ್ಟರು ಹಾಳೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಬಿಳಿ ಗೆರೆ ಒಂದು ಕಡೆ ದಾರದಷ್ಟು ಸಣ್ಣಗಾಗಿತ್ತು. ಅಲ್ಲಿ ಕರುಳು ಬಾತು ಹುಣ್ಣಾಗಿದೆ, ಗುಳಿಗೆ ಬಹಳ ದಿನ ನುಂಗಬೇಕು, ಬಿಟ್ಟರೆ ಜೀವಕ್ಕೇ ಬಂದೀತು ಎಂದರು. "ಒಂದೆರಡು ದಿನ ಹೊರಕಡಿಗೆ ಬೆಳ್ಳಗ ಹೋಗತೈತಿ, ಅಂಜಬ್ಯಾಡ್ರಿ" ಎಂದೂ ಹೇಳಿದರು. ಸೋಮನಿಂಗ ಹೂಂ ಎಂದು ತಲೆಯಾಡಿಸಿದ್ದ.

ಈಗ ತಿಪ್ಪವ್ವ ಗಾಡಿ ಇಳಿದಾಗ ಅವನು ಅದೇ ತಲೆ ತಗ್ಗಿಸಿಕೊಂಡು ಅಂಗಳದ ಮೂಲೆಯಲ್ಲಿ ನಿಂತಿದ್ದ. ಕಟ್ಟೆಯ ಮೇಲೆ ಓಣಿಯ ಹಿರಿಯರು ಸೇರಿದ್ದರು. ಮಾಳಿಂಗಪ್ಪ ತಲೆಗೆ ಹೊಸ ಪಟಗ ಸುತ್ತಿಕೊಂಡು ಮದುಮಗನ ಹಾಗೆ ಕೂತಿದ್ದ. ರುಕ್ಮವ್ವ ಸಕ್ಕರೆ ತುಂಬಿದ ಅಗಲ ಪರಾತವನ್ನು ಪಕ್ಕಕ್ಕಿಟ್ಟು ಎಕ್ಸರೇ ಹಾಳೆಯನ್ನು ಬಿಸಿಲಿಗೆ ಹಿಡಿದಿದ್ದಳು.

"ನೋಡ್ರಿ, ಹಾವಿನಂಗ ಸುತ್ಕೊಂಡೈತಿ. ಇದ ಮದ್ದು! ಬಯಲಕಡಿಗೆ ಹೋದಾಗ ನಾನ ಕಣ್ಣಾರೆ ನೋಡೇನಿ, ಸುಣ್ಣದಂಗ ಹೊರಗ ಬಿತ್ತು. ಇನ್ನ ಗುಳಿಗಿ ಯಾಕ? ತಿಪ್ಪಿಗಿ ಒಗದೇನಿ."

ಒಳಗೆ ಸೀತವ್ವ ಹೊಟ್ಟೆ ಹಿಡಿದು ಮುಲುಗುವುದು ಕೇಳುತ್ತಿತ್ತು. ಎಂಥ ಜನ ಇವರು! ಒಳಗೆ ಹುಡುಗಿ ಸಾಯುತ್ತಿದ್ದಾಳೆ, ಹೊರಗೆ ಕೂತು ಸಕ್ಕರೆ ಮುಕ್ಕುತ್ತಿದ್ದಾರೆ.

"ಅದು ದವಾಖಾನಿ ಔಷಧರೀ!" ಎಂದಳು ತಿಪ್ಪವ್ವ.

"ಹಾಕಿದಾಕಿ ಹಾಕೇನಿ ಅಂತಾಳೇನು? ಬೇಲಿನ ಎದ್ದು ಹೊಲ ಮೇದಂಗಾತು" ಎಂದ ಹಿರಿಯ ಗುರಲಿಂಗಪ್ಪ. ಕಟ್ಟೆಯೆಲ್ಲ ನಕ್ಕಿತು.

ತಿಪ್ಪವ್ವ ಅಳಿಯನ ಕಡೆ ನೋಡಿದಳು. ಅವನು ಕಾಲ್ಬೆರಳಿನಿಂದ ನೆಲ ಕೆರೆಯುತ್ತಿದ್ದ. ಎಲ್ಲ ಗೊತ್ತಿದ್ದೂ ಬಾಯಿ ಹೊಲಿದುಕೊಂಡು ನಿಂತ ಗಂಡಸು! ಅವಳ ಮೈಯೆಲ್ಲ ಉರಿದುಹೋಯಿತು.

"ಆತು. ಬಿಳೀದು ಮದ್ದ ಅಂತ ನಾನೂ ಒಪ್ಪತೇನಿ" ಎಂದಳು. "ಆದರ ಹಾಕಿದಾಕಿ ನಾನಲ್ಲ. ಅಕಿ ತಲಿ ಹಿಡದು ಕೈಯಾರೆ ಕುಡಿಸಿದಾಂವ ಇಲ್ಲೇ ನಿಂತಾನ. ನಿಮ್ಮ ಮಗಾ! ದೇವರ ಮ್ಯಾಲ ಆಣಿ ಮಾಡಿಸಿ ಕೇಳ್ರಿ ಬೀಗತಿ. ಪೋಲೀಸರನ್ನ ಕರಸ್ರಿ, ಮೊದಲ ಅವನ ಕೈಗಿ ಬೇಡಿ ಹಾಕಸ್ರಿ!"

ರುಕ್ಮವ್ವನ ಕೈಯ ಹಾಳೆ ಕೆಳಗಿಳಿಯಿತು. "ಖರೇನೇನೋ? ನೀ ಕುಡಿಸಿದೇನು?"

"ಹೌದವ್ವಾ. ಎಕ್ಸರೇ ತಗ್ಯಾಕ ಕುಡಿಸಿದ್ದು. ಮದ್ದಲ್ಲ ಅದು. ಬೆಳ್ಳಗ ಹೋಗತೈತಿ ಅಂತ ಡಾಕ್ಟರು ಹೇಳಿದ್ರು."

"ಮತ್ತ ಬಾಯಿಗೇನಾಗಿತ್ತೋ ನಿನಗ?"

"ನೀ ಅಷ್ಟು ಖುಷಿಲೆ ಸಕ್ಕರಿ ಹಂಚಾಕತ್ತಿದ್ದಿ..."

ಮಾಳಿಂಗಪ್ಪ ಮೆಲ್ಲಗೆ ಚಪ್ಪಲಿ ಮೆಟ್ಟಿಕೊಂಡ. ಯಾರೂ ಅವನನ್ನು ನಿಲ್ಲು ಎನ್ನಲಿಲ್ಲ.

"ಗುಳಿಗಿ ತಗದು ಕೊಡು" ಎಂದಳು ತಿಪ್ಪವ್ವ. ಸೋಮನಿಂಗ ತಿಪ್ಪೆಗಿಳಿದು, ಮೊಣಕೈತನಕ ಸೆಗಣಿಯಲ್ಲಿ ಕೈಯಾಡಿಸಿ ಶೀಶೆ ಹುಡುಕಿ ತಂದ. ಅವಳು ಅದನ್ನು ಸೆರಗಿನಿಂದ ಒರೆಸಿ, ಮಗಳಿಗೆ ಗುಳಿಗೆ ನುಂಗಿಸಿ, ನೀರು ಕುಡಿಸಿದಳು. ಎತ್ತಿ ತಂದು ಗಾಡಿಯಲ್ಲಿ ಮಲಗಿಸಿದಾಗ ಆ ಮೈಯಲ್ಲಿ ಭಾರವೇ ಇರಲಿಲ್ಲ.

ಸೋಮನಿಂಗ ಗಾಡಿಯ ಹಿಂದೆ ಓಡಿಬಂದ. "ನಾನೂ ಬರ್ತೇನಿ ತಡೀರಿ."

ತಿಪ್ಪವ್ವ ಬಾಯಿ ತೆರೆಯುವ ಮೊದಲೇ ಸೀತವ್ವ ಕಣ್ಣು ಬಿಟ್ಟಳು.

"ಬ್ಯಾಡ್ರಿ. ನಿಮ್ಮವ್ವನ ಸಕ್ಕರಿ ಪರಾತ ಹಿಡ್ಯಾಕ ಯಾರರ ಬೇಕಲ್ಲ" ಎಂದಳು.