ಎರಡನೇ ಮಡಿಯ ಮೀಸಲು

“ಈ ಎರಡನೇ ಮಡಿ ಸೊಪ್ಪು ಎಲ್ಲಿಗೆ ಹೋಗತೈತಿ?”

ಹೊಲದಲ್ಲಿ ತಕ್ಕಡಿ ಬಿಟ್ಟರೆ ಮತ್ತಾರೂ ಇರಲಿಲ್ಲ. ಅನ್ನಪೂರ್ಣ ಕೇಳಿದ್ದು ತಕ್ಕಡಿಯನ್ನೂ ಅಲ್ಲ. ಮೂರನೇ ಕಟಾವಿನ ತೂಕ ಆಗಷ್ಟೇ ಮುಗಿದಿತ್ತು. ಮೊದಲ ಮಡಿ ಮೂವತ್ತೆಂಟು ಕಿಲೋ, ಮೂರನೆಯದು ಮೂವತ್ತಾರು, ನಡುವಿನದು ಮೂವತ್ತೊಂದು. ಕಣ್ಣಿಗೆ ಮಾತ್ರ ನಡುವಿನದೇ ಎತ್ತರ, ಅದೇ ದಟ್ಟ, ಅದೇ ಕಪ್ಪು ಹಸಿರು.

ತಳಕಲ್ಲು ಊರಿನ ಇಪ್ಪತ್ತೆರಡು ಮನೆಯ ಎಮ್ಮೆಗಳ ಮೇವು ಈ ಮೂರು ಮಡಿಗಳ ಮೇಲೆ ನಿಂತಿತ್ತು. ಮೇವಿನ ಈ ಕುದುರೆ ಮೆಂತೆ ಒಮ್ಮೆ ಬಿತ್ತಿದರೆ ಮೂರು ವರ್ಷ ಕೊಯ್ಯುತ್ತಲೇ ಇರಬೇಕು. ತಪ್ಪು ಬೀಜ ಬಿತ್ತಿದರೆ ಮೂರು ವರ್ಷವೂ ತಪ್ಪೇ. ಅದಕ್ಕೇ ಎಲ್ಲರೂ ಕೂಡಿ ಮೂರು ತಳಿ ತಂದು, ಅನ್ನಪೂರ್ಣಳ ಹೊಲದಲ್ಲಿ ಬಿತ್ತಿ, ನಾಲ್ಕು ಕಟಾವು ತೂಗಿ, ಗೆದ್ದ ಬೀಜವನ್ನು ಒಟ್ಟಿಗೆ ಕುಷ್ಟಗಿಯಿಂದ ತರಿಸುವುದೆಂದು ಮಾತಾಗಿತ್ತು. ತೂಗುವ ಕೆಲಸ ಅವಳದು. ತಪ್ಪಿದರೆ ಬೈಗುಳವೂ ಅವಳದೇ.

ಊರ ಹಿರಿಯ ಕರಿಬಸಪ್ಪನದು ಮೊದಲ ದಿನದಿಂದಲೂ ಒಂದೇ ಮಾತು. ಮೊದಲ ಮಡಿಯ ಬೀಜದ ಚೀಲದ ಮೇಲೆ ಕುದುರೆಯ ಚಿತ್ರವಿತ್ತು.

“ಕುದುರಿ ಮೆಂತ್ಯ ಅಂದ ಮ್ಯಾಲೆ ಚೀಲದ ಮ್ಯಾಲೆ ಕುದುರಿ ಇರಬೇಕೋ ಬ್ಯಾಡೋ? ಮೂರನೇದ್ರ ಮ್ಯಾಲೆ ಆಕಳ ಐತಿ. ಎರಡನೇದ್ರ ಮ್ಯಾಲೆ ಬರೇ ನಂಬರು. ನಂಬರು ತಿಂದು ಎಮ್ಮಿ ಹಾಲ ಕೊಡ್ತೈತೇನು?”

“ಕುದುರಿ ತಿಂದರ ಕೊಡ್ತೈತೇನ್ರಿ ಕಾಕಾ?” ಎಂದು ಅನ್ನಪೂರ್ಣ ಕೇಳಿದ್ದಳು. ಆದರೆ ಮೂರು ಕಟಾವಿಗೂ ತಕ್ಕಡಿ ಕಾಕಾನ ಕಡೆಗೇ ನಿಂತಿತು.

ಬೀಜ ಆರಿಸಲು ಎಲ್ಲರೂ ಸೇರಬೇಕಿದ್ದ ನಾಲ್ಕನೆಯ ಕಟಾವಿನ ದಿನ ಅವಳು ಹೊತ್ತು ಮೂಡುವ ಮೊದಲೇ ಹೊಲಕ್ಕೆ ಹೋದಳು. ಎರಡನೇ ಮಡಿಯಲ್ಲಿ ಯಾರೋ ಬಗ್ಗಿದ್ದರು. ಬಾಯಲ್ಲಿ ಶಿವನಾಮ, ಕೈಯಲ್ಲಿ ಕುಡುಗೋಲು. ಅವಳ ಅತ್ತೆ ಪಾರಮ್ಮ! ಸೆರಗಿನ ಉಡಿಯಲ್ಲಿ ಆಗಲೇ ಸೊಪ್ಪು ತುಂಬಿತ್ತು.

“ಅತ್ತಿ! ಏನ್ ಮಾಡಾಕತ್ತೀರಿ?”

“ಮೀಸಲ. ಮತ್ತೇನು? ಹಾಲಿಗೆ ಮೀಸಲ ತೆಗೀತೀವಿ, ಬೆಣ್ಣಿಗೆ ತೆಗೀತೀವಿ. ಸೊಪ್ಪೇನು ಪಾಪ ಮಾಡೈತಿ? ಗುಡಿ ಬಸವಗ ಐದು ಉಡಿ.”

“ಎಲ್ಲಾ ಕಟಾವಿಗೂ?”

“ಒಂದೂ ತಪ್ಪಿಸಿಲ್ಲವ್ವ,” ಎಂದಳು ಪಾರಮ್ಮ, ಸೊಸೆ ಹೊಗಳಿದಳೆಂದುಕೊಂಡು.

ಗುಡಿಯ ಬಸವ ಈಚೆಗೆ ದಪ್ಪನಾಗಿ ಓಣಿಯ ಮೂಲೆ ತಿರುಗಲು ಒದ್ದಾಡುತ್ತಿದ್ದುದು ಅನ್ನಪೂರ್ಣಳಿಗೆ ಈಗ ಅರ್ಥವಾಯಿತು.

“ಬರೇ ಎರಡನೇ ಮಡಿಗೇ ಯಾಕ್ರಿ?”

“ನಿನಗ ಕಣ್ಣ ಇಲ್ಲೇನು? ಛಲೋದು ಅದ ಐತಿ. ದೇವರಿಗೆ ಕಳಪಿ ಕೊಡಬೇಕೇನು?”

ಮಂದಿ ಬರುವ ತನಕ ತಡೆಯಿರಿ ಎಂದು ಅನ್ನಪೂರ್ಣ ಕೈಮುಗಿದಳು. ಬಸವ ಒಂದು ತಾಸು ತಡೀತಾನ ಎಂದು ಪಾರಮ್ಮ ಉಡಿಯ ಸೊಪ್ಪನ್ನು ಮಡಿಲಲ್ಲೇ ಇಟ್ಟುಕೊಂಡು ಬದುವಿನ ಮೇಲೆ ಕುಳಿತಳು.

ಇಪ್ಪತ್ತೆರಡು ಮನೆಯವರೂ ಬಂದರು. ಹಾಲಿನ ಸಂಘದ ಪಂಪಣ್ಣ ಬೀಜದ ಚೀಟಿ ಬರೆಯಲು ಪೆನ್ನು ತಂದಿದ್ದ. ಅನ್ನಪೂರ್ಣ ನಡೆದದ್ದನ್ನೆಲ್ಲ ಹೇಳಿದಳು. ಅತ್ತೆಯ ಉಡಿ ತೂಗುವಂತಿಲ್ಲ, ಅದು ದೇವರದು. ತನ್ನದೇ ಸೆರಗಿನಲ್ಲಿ ಮೂರನೇ ಮಡಿಯ ಸೊಪ್ಪು ತುಂಬಿ ಎಲ್ಲರೆದುರು ತೂಗಿದಳು. ಎರಡೂವರೆ ಕಿಲೋ. ಐದು ಉಡಿಗೆ ಹನ್ನೆರಡೂವರೆ. ಹಿಂದಿನ ಕಟಾವಿನ ಮೂವತ್ತೊಂದಕ್ಕೆ ಕೂಡಿಸಿದರೆ ನಲವತ್ತಮೂರೂವರೆ, ಮೊದಲ ಮಡಿಯ ಮೂವತ್ತೆಂಟಕ್ಕಿಂತ ಹೆಚ್ಚು.

“ನಿನ್ನ ಉಡಿ ಬ್ಯಾರೆ, ನಿಮ್ಮತ್ತಿ ಉಡಿ ಬ್ಯಾರೆ,” ಎಂದ ಕರಿಬಸಪ್ಪ.

“ಹೌದ್ರಿ, ಅತ್ತಿದು ದೊಡ್ಡದು,” ಎಂದಳು ಅನ್ನಪೂರ್ಣ.

ಹೆಂಗಸರೆಲ್ಲ ನಕ್ಕರು. ಕರಿಬಸಪ್ಪನ ಹೆಂಡತಿ ಪಕ್ಕೀರವ್ವ ಮಾತ್ರ ನಗದೆ ಎದ್ದು, ಮೊದಲ ಮಡಿಯಿಂದ ಒಂದು ದಂಟು, ಎರಡನೆಯದರಿಂದ ಒಂದು ದಂಟು ಮುರಿದು ತಂದಳು. ಕುದುರೆ ಚೀಲದ್ದು ದಂಟೇ ದಂಟು, ಕಡ್ಡಿಯಂತೆ ಗಟ್ಟಿ. ಇನ್ನೊಂದು ಬುಡದ ತನಕ ಎಲೆ.

“ಈ ಕಡ್ಡಿ ನಮ್ಮ ಎಮ್ಮಿ ಮುಂದ ಹಾಕಿದರ ಅದು ನನ್ನ ಮಾರಿ ನೋಡ್ತೈತಿ. ಪಂಪಣ್ಣ, ನಮ್ಮನಿಗೆ ನಂಬರಿಂದು ಬರಕೋ.”

“ನಮ್ಮನಿಗೂ,” “ನಮಗೂ ಅದ,” ಎಂದು ಬದುವಿನುದ್ದಕ್ಕೂ ದನಿಗಳು ಎದ್ದವು. ಪಂಪಣ್ಣ ಇಪ್ಪತ್ತೆರಡು ಮನೆಗೂ ನಂಬರಿನ ಬೀಜವನ್ನೇ ಬರೆದು ಸಹಿ ಹಾಕಿಸಿದ. ಕರಿಬಸಪ್ಪನೂ ಸಹಿ ಮಾಡಿದ, ಮುಖ ಆ ಕಡೆ ತಿರುಗಿಸಿಕೊಂಡು.

ಪಾರಮ್ಮ ಉಳಿದ ನಾಲ್ಕು ಉಡಿ ಕೊಯ್ಯಲು ಎದ್ದಳು. ಕರಿಬಸಪ್ಪ ಅವಳ ಹಿಂದೆಯೇ ನಡೆದ. ದನಿ ತಗ್ಗಿಸಿದರೂ ಎಲ್ಲರಿಗೂ ಕೇಳಿಸಿತು.

“ಪಾರಕ್ಕ, ಎಲ್ಲಾರ ಮುಂದ ನನ್ನ ಮಾನ ಹೋತು. ಒಂದ ಒಂದು ಉಡಿ ಕುದುರಿ ಮಡಿಯಿಂದ ತಗೋ. ಬಸವಗ ಏನ್ ತಿಳೀತೈತಿ?”

ಪಾರಮ್ಮ ನಿಂತಳು. ಕುದುರೆ ಮಡಿಯನ್ನು ಒಮ್ಮೆ ನೋಡಿದಳು, ಕರಿಬಸಪ್ಪನನ್ನು ಒಮ್ಮೆ ನೋಡಿದಳು.

“ದೇವರಿಗೆ ಕಳಪಿ ತಗೊಳ್ಳಂಗಿಲ್ಲ,” ಎಂದಳು.